ಬಾರದ ಫಲಿತಾಂಶದ ಬಗ್ಗೆ ಮಗಳಿಗೊಂದು ಪತ್ರ

ಅರಸೀಕೆರೆ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ನಕ್ಕು ಮಾತು ಬದಲಿಸಿದೆ. "ಅಪ್ಪ, ಎಂಟನೇ ತರಗತಿಯಲ್ಲಿ ಒಂದು ಪಬ್ಲಿಕ್ ಪರೀಕ್ಷೆ ಬರೆದೆನಲ್ಲ, ಅದರಲ್ಲಿ ನನಗೆ ಎಷ್ಟು ಬಂದಿತ್ತು?" ಎಂದೆ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಎದುರಿಗಿರುವಾಗ ಆ ಹಳೆಯ ಲೆಕ್ಕ ನಿನಗೆ ಯಾಕೆ ನೆನಪಾಯಿತೋ ಕಾಣೆ. ನನಗೂ ಗೊತ್ತಿಲ್ಲ ಎನ್ನುವುದಕ್ಕೆ ಮೇಷ್ಟರಾದವನಿಗೆ ನಾಚಿಕೆಯಾಯಿತು. ಅದು ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯೂ ಅಲ್ಲ. ನಾಳೆ ಹಾಸನಕ್ಕೆ ಹೊರಟಿರುವ ಪಕ್ಕದ ಮನೆಯವರ ಕೈಯಲ್ಲಿ ಈ ಕಾಗದವನ್ನು ದೊಡ್ಡಮ್ಮನ ಮನೆಗೆ ಕಳಿಸುತ್ತಿದ್ದೇನೆ. ಜೊತೆಗಿರುವ ಚಕ್ಕುಲಿ ಅಮ್ಮ ಕೊಟ್ಟಿದ್ದು.

2024ರ ಆ ಮಾರ್ಚ್ ನೆನಪು ಮಾಡಿಕೋ. 5, 8, 9 ಮತ್ತು 11ನೇ ತರಗತಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಎಂದು ಸರ್ಕಾರ ಹೊರಟಿತ್ತು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಸೋಮವಾರ, 11ರಂದು ನೀನು ಕನ್ನಡ ಬರೆದು ಬಂದೆ, 12ರಂದು ಇಂಗ್ಲಿಷ್. ಅಂದು ಸಂಜೆ ಜಗಲಿಯ ಮೆಟ್ಟಿಲ ಮೇಲೆ ಹಿಂದಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ಮೊಬೈಲಿಗೆ ಶಿಕ್ಷಕರ ಗುಂಪಿನಿಂದ ಸುದ್ದಿ ಬಂತು: ಸುಪ್ರೀಂ ಕೋರ್ಟ್ ತಡೆ, ನಾಳೆ ಪರೀಕ್ಷೆ ಇಲ್ಲ. ನೀನು ಪುಸ್ತಕವನ್ನು ಅಲ್ಲಿಯೇ ಮಗುಚಿಟ್ಟು ಸೈಕಲ್ ಹತ್ತಿ ಮಾಯವಾದೆ. ಅಮ್ಮ ಒಳಗಿನಿಂದ, "ಇಲ್ಲ ಅಂದರೆ ನಿಜವಾಗಿ ಇಲ್ಲವೋ, ನಾಳೆ ಬೆಳಿಗ್ಗೆ ಮತ್ತೆ ಇದೆಯೋ?" ಎಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. 22ರಂದು ವಿಭಾಗೀಯ ಪೀಠ ಉಳಿದ ಪರೀಕ್ಷೆ ನಡೆಸಿ ಎಂದಿತು. 25ರಿಂದ ಹಿಂದಿ, ಗಣಿತ ಎಂದು ನೀನು ಮತ್ತೆ ಹೊರಟೆ. ಉತ್ತರ ಪತ್ರಿಕೆಗಳನ್ನು ತಿದ್ದಿದ್ದೂ ಆಯಿತು. ಯುಗಾದಿಯ ಹಿಂದಿನ ದಿನ, ಏಪ್ರಿಲ್ 8ರಂದು, ಫಲಿತಾಂಶ ಪ್ರಕಟಿಸಬೇಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ನೀನು ಒಂಬತ್ತಕ್ಕೆ ಹೋದೆ. ನಿನ್ನ ಅಂಕ ಎಲ್ಲಿ ಹೋಯಿತೋ ನಾನೂ ವಿಚಾರಿಸಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು ನೀನು ಹುಟ್ಟಿದ ವರ್ಷ, 2010ರ ಏಪ್ರಿಲ್ 1ರಂದು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕೆಂಬ ಕಡ್ಡಾಯವಿಲ್ಲ ಎಂದು ಅದರ 30ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ತಂದು, 5 ಮತ್ತು 8ನೇ ತರಗತಿಯ ಕೊನೆಗೆ ಪರೀಕ್ಷೆ ಇರಲಿ ಎಂದಿತು. ಈ ಎರಡರ ನಡುವಿನ ಸಂದಿಯಲ್ಲಿ ನಮ್ಮ ರಾಜ್ಯ ಸಿಕ್ಕಿಕೊಂಡಿತು. ಯಾರನ್ನೂ ಫೇಲು ಮಾಡುವುದಿಲ್ಲ, ಇದು ಬರಿಯ ಮೌಲ್ಯಾಂಕನ ಎಂದು ಇಲಾಖೆ. ಪ್ರಶ್ನೆಪತ್ರಿಕೆ ಮಂಡಳಿಯಿಂದ ಬಂದ ಮೇಲೆ ಅದು ಬೋರ್ಡ್ ಪರೀಕ್ಷೆಯೇ ಎಂದು ಖಾಸಗಿ ಶಾಲೆಗಳ ಸಂಘಗಳು. ಹೆಸರು ಏನಾದರೂ ಇಡಲಿ, ಮನೆಯಲ್ಲಿ ನೀನೂ ನಾನೂ ಅದನ್ನು ಪಬ್ಲಿಕ್ ಪರೀಕ್ಷೆ ಎಂದೇ ಕರೆದೆವು, ಪಬ್ಲಿಕ್ ಪರೀಕ್ಷೆಗೆ ಪಡುವಷ್ಟೇ ಹೆದರಿಕೆ ಪಟ್ಟೆವು.

ಈಗ ನನ್ನ ಶಾಲೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ತಾಯಿ ಬಸ್ ನಿಲ್ದಾಣದ ಹೊರಗೆ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಾರೆ. ಒಂದು ಕಿರುಪರೀಕ್ಷೆಯಲ್ಲಿ, ಡಜನ್ ಬಾಳೆಹಣ್ಣಿಗೆ 60 ರೂಪಾಯಿ ಆದರೆ ಒಂದು ಹಣ್ಣಿಗೆ ಎಷ್ಟು ಎಂದು ಕೇಳಿದ್ದೆ. ಅವಳು ಭಾಗಾಕಾರ ಮಾಡಿ 5 ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ 6 ಎಂದು ಬರೆದಿದ್ದಳು. ಕರೆದು ಕೇಳಿದೆ. "ಬಿಡಿ ಹಣ್ಣನ್ನೂ ಐದಕ್ಕೇ ಕೊಟ್ಟರೆ ಡಜನ್ ಲೆಕ್ಕದಲ್ಲಿ ಯಾರು ಕೊಳ್ಳುತ್ತಾರೆ ಸಾರ್?" ಎಂದಳು. ಪೂರ್ತಿ ಅಂಕ ಕೊಟ್ಟೆ. ಕೊಡದೆ ಇನ್ನೇನು ಮಾಡಲಿ?

ಆದರೆ ಅದೇ ಹಾಳೆ ತಾಲ್ಲೂಕಿನ ಮೌಲ್ಯಮಾಪನ ಕೇಂದ್ರದಲ್ಲಿ ನನ್ನ ಮುಂದೆ ಬಂದಿದ್ದರೆ? ಅಲ್ಲಿ ಬೇರೆ ಶಾಲೆಗಳ ಪತ್ರಿಕೆಗಳ ಕಟ್ಟು ಇರುತ್ತದೆ, ಪಕ್ಕದಲ್ಲಿ ಮಾದರಿ ಉತ್ತರದ ಹಾಳೆ, ಫ್ಯಾನು ತಿರುಗಿದರೆ ಹಾರಿಹೋಗದಂತೆ ಅದರ ಮೇಲೊಂದು ನೀರಿನ ಬಾಟಲಿ. ಮಾದರಿ ಉತ್ತರದಲ್ಲಿ 5 ಇದೆ, ಮಗು 6 ಬರೆದಿದೆ, ಕೆಂಪು ಶಾಯಿಯ ಸೊನ್ನೆ. ತಳ್ಳುಗಾಡಿ ನನಗೆ ಕಾಣುವುದಿಲ್ಲ. ಊಟದೊಳಗೆ ಕಟ್ಟು ಮುಗಿಸಬೇಕು. ನಾನು ಕೆಟ್ಟ ಮೇಷ್ಟರಲ್ಲ ಪುಟ್ಟಿ, ಆದರೆ ಆ ಬೆಂಚಿನ ಮೇಲೆ ಕುಳಿತಾಗ ನಾನು ಕುರುಡ.

ಇಷ್ಟು ಓದಿ, ಅಪ್ಪ ಒಂದೇ ಪ್ರಶ್ನೆಪತ್ರಿಕೆಯ ವಿರೋಧಿ ಎಂದುಕೊಳ್ಳಬೇಡ. ನನ್ನನ್ನು ಕಾಪಾಡಿದ್ದು ಇಂಥದೇ ಒಬ್ಬ ಕುರುಡ.

ನಿನ್ನ ತಾತ ಕೂಲಿಗೆ ಹೋಗುತ್ತಿದ್ದ ತೋಟದ ಯಜಮಾನರು ನಮ್ಮೂರ ಶಾಲೆಯ ಮೇಷ್ಟರಿಗೆ ನಂಟರು. ತರಗತಿಯಲ್ಲಿ ನನಗೆ ಬಾಗಿಲ ಬಳಿಯ ಜಾಗ. ಒಳಗಿನ ಪರೀಕ್ಷೆಗಳಲ್ಲಿ ಲೆಕ್ಕದಲ್ಲಿ ನಾನು ಎಂದೂ 50 ದಾಟಿದವನಲ್ಲ. ದಾಟುವಷ್ಟು ಬರೆದರೂ ದಾಟುತ್ತಿರಲಿಲ್ಲ. ಆಗ ಏಳನೇ ತರಗತಿಗೇ ಪಬ್ಲಿಕ್ ಪರೀಕ್ಷೆ ಇತ್ತು. 1988ರಲ್ಲಿ ಬೇರೆ ಊರಿನ ಕೇಂದ್ರಕ್ಕೆ ನಡೆದು ಹೋಗಿ ಬರೆದೆ. ಹಾಳೆಯ ಮೇಲೆ ನೋಂದಣಿ ಸಂಖ್ಯೆ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲಿಯೋ ಯಾರೋ ತಿದ್ದಿದರು. ನಾನು ಯಾರ ಮಗ, ಯಾವ ಕೇರಿ ಎಂದು ತಿದ್ದಿದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಲೆಕ್ಕದಲ್ಲಿ 91 ಬಂತು. ತಾತ ಆ ಅಂಕಪಟ್ಟಿಯನ್ನು ಮಡಿಸಿ ಹೆಗಲ ಟವೆಲಿನಲ್ಲಿ ಕಟ್ಟಿಕೊಂಡು ಎರಡು ದಿನ ತಿರುಗಿದರು. ಮುಂದೆ ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮಾಡಿದೆ. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದ ಕಾಲ ಅದು. ಲಂಚ, ಶಿಫಾರಸು ಬದಿಗಿಟ್ಟು ಅಂಕಗಳನ್ನೇ ನೋಡಿ ಸುಮಾರು ಒಂದು ಲಕ್ಷ ಶಿಕ್ಷಕರನ್ನು ನೇಮಿಸಿಕೊಂಡರು. ಅವರಲ್ಲಿ ನಿನ್ನಪ್ಪನೂ ಒಬ್ಬ. ಯಾರ ಮನೆಯ ಬಾಗಿಲಿಗೂ ಹೋಗದೆ ಕೆಲಸ ಸಿಕ್ಕಿತು. ಪರೀಕ್ಷೆಯೇ ಬೇಡ, ಮೇಷ್ಟರೇ ಮಗುವನ್ನು ನೋಡಿ ಅಳೆಯಲಿ ಎನ್ನುವವರ ಮಾತು ಕೇಳಲು ಹಿತವಾಗಿರುತ್ತದೆ. ಮೇಷ್ಟರ ಕಣ್ಣಿಗೆ ಬಾಗಿಲ ಬಳಿಯ ಹುಡುಗನೂ ಕಂಡರೆ ಸರಿ. ಕಾಣದಿದ್ದರೆ?

ಆ ಪರೀಕ್ಷೆಗೆ ನನ್ನ ಜೊತೆಯಲ್ಲೇ ನಡೆದು ಬಂದವನು ನಿನ್ನ ಮಂಡಿ ಮಾವ. ಅವನು ಲೆಕ್ಕದಲ್ಲಿ ಫೇಲಾದ, ಶಾಲೆ ಬಿಟ್ಟ. ಈಗ ಕೊಬ್ಬರಿ ವ್ಯಾಪಾರದಲ್ಲಿ ನನಗಿಂತ ಚೆನ್ನಾಗಿ ಸಂಪಾದಿಸುತ್ತಾನೆ, ಅದು ಬೇರೆ ಮಾತು. ಕಳೆದ ವಾರ ಮಂಡಿಯಲ್ಲಿ ಕುಳಿತಿದ್ದಾಗ ನಿನ್ನ ಪ್ರಶ್ನೆಯ ವಿಷಯ ಹೇಳಿದೆ. ಅವನು ಚೀಲದ ತೂಕ ಬರೆಯುತ್ತಿದ್ದವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ನನ್ನ ಯಾವ ಲೆಕ್ಕ ತಪ್ಪಾಗಿತ್ತು ಎಂದು ಈವರೆಗೂ ನನಗೆ ಗೊತ್ತಿಲ್ಲ ಕಣೋ. ಒಂದು ಸಲ ತೋರಿಸಿದ್ದರೆ ಸಾಕಿತ್ತು" ಎಂದ. ಮೂವತ್ತೇಳು ಮೂವತ್ತೆಂಟು ವರ್ಷದ ಹಿಂದಿನ ಮಾತು ಅದು. ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ನಾನು ಇಷ್ಟು ವರ್ಷ ಎಷ್ಟು ಕಟ್ಟು ತಿದ್ದಿದ್ದೇನೆ, ಅವುಗಳಲ್ಲಿ ಎಷ್ಟು ಹಾಳೆ ಮಗುವಿನ ಕೈಗೆ ವಾಪಸು ಹೋಗಿವೆ ಎಂದು ಲೆಕ್ಕ ಹಾಕಿದೆ.

ನಾನು ಹೇಳಬೇಕಾದದ್ದು ಇಲ್ಲಿದೆ. 2024ರಲ್ಲಿ ನ್ಯಾಯಾಲಯಗಳಲ್ಲಿ ವಾದ ನಡೆದದ್ದು ಪರೀಕ್ಷೆ ಮಾಡಬಹುದೇ, ಬಾರದೇ ಎಂದು. ತಿದ್ದಿದ ಹಾಳೆಯಿಂದ ಯಾರು ಏನು ಕಲಿಯಬೇಕು ಎಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿಯೂ ಯಾರೂ ಕೇಳಲಿಲ್ಲ; ನಾನೂ ಕೇಳಲಿಲ್ಲ. ಒಂದೇ ಪ್ರಶ್ನೆಪತ್ರಿಕೆಗೆ ಒಂದು ದೊಡ್ಡ ಗುಣವಿದೆ: ನಮ್ಮ ಶಾಲೆಯ ಮಕ್ಕಳಿಗೆ ಭಿನ್ನರಾಶಿ ಬರುತ್ತಿಲ್ಲ, ಪಕ್ಕದ ಶಾಲೆಯವರಿಗೆ ಬರುತ್ತಿದೆ ಎಂದರೆ ಅದು ಎದ್ದು ಕಾಣುತ್ತದೆ. ಆ ಸೊನ್ನೆ ನನ್ನದು, ನಾನು ಪಾಠ ಮಾಡಿದ ರೀತಿಯದು. ಅದನ್ನು ಹನ್ನೊಂದು ವರ್ಷದ ಮಗುವಿನ ಹೆಸರಿನ ಮುಂದೆ ಬರೆದು ನಾವು ದೊಡ್ಡವರು ಕೈತೊಳೆದುಕೊಳ್ಳುತ್ತೇವೆ.

ಎಸ್ಸೆಸ್ಸೆಲ್ಸಿಯಲ್ಲಿ ಇದು ಇನ್ನೂ ಢಾಳಾಗಿ ಕಂಡಿತು. 2023ರಲ್ಲಿ ಉತ್ತೀರ್ಣರಾದವರು ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಕುಗ್ಗಿತೇ? ಇಲ್ಲ. ಹಿಂದಿನ ತಕ್ಕಡಿಗೆ ಯಾರೋ ಬೆರಳು ಒತ್ತಿಕೊಂಡಿದ್ದರು, ಅಷ್ಟೇ. ಒತ್ತಿದವರು ಯಾರು ಎಂದು ಮೇಷ್ಟರುಗಳಾದ ನಮಗೆ ಗೊತ್ತು. ನಾನು ಕೊಠಡಿ ಮೇಲ್ವಿಚಾರಕನಾಗಿದ್ದ ಒಂದು ವರ್ಷ, ಬಹಳ ಹಿಂದೆ, ಕಿಟಕಿಯಾಚೆಯಿಂದ ಚೀಟಿ ಬಂದಾಗ ನಾನು ಬೋರ್ಡಿನ ಕಡೆ ತಿರುಗಿ ನಿಂತಿದ್ದೆ. ಇದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬುದರ ಮೇಲೆ ಸಭೆ ನಡೆದು, ಫಲಿತಾಂಶ ಕಡಿಮೆ ಬಂದ ಶಾಲೆಗೆ ನೋಟಿಸು ಬರುವಾಗ ಅಳತೆಗೋಲು ಹಿಡಿದವನೇ ಹೆದರಿಕೊಂಡಿರುತ್ತಾನೆ. ಹೆದರಿದವನು ಸರಿಯಾಗಿ ಅಳೆಯಲಾರ.

ಅದೇ 2024ರ ಪಟ್ಟಿಯಲ್ಲಿ ಉಡುಪಿ ಶೇ 94 ಪಡೆದು ಮೊದಲು, ಯಾದಗಿರಿ ಶೇ 50.59 ಪಡೆದು ಕೊನೆ. ಪತ್ರಿಕೆಗಳಲ್ಲಿ ಪದಕದ ಪಟ್ಟಿಯ ಹಾಗೆ ಅಚ್ಚಾಯಿತು. ಯಾದಗಿರಿ ಕಡೆ ಕೆಲಸ ಮಾಡಿ ಬಂದ ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು: ಅವರ ಶಾಲೆಯಲ್ಲಿ ಗಣಿತಕ್ಕೆ ಕಾಯಂ ಶಿಕ್ಷಕರೇ ಇರಲಿಲ್ಲ, ಅತಿಥಿ ಶಿಕ್ಷಕರು ಬಂದಾಗ ಬಂದರು, ಹತ್ತಿ ಬಿಡಿಸುವ ಕಾಲ ಬಂತೆಂದರೆ ಅರ್ಧ ತರಗತಿ ಹೊಲದಲ್ಲಿ. ಆ 50.59 ಅಲ್ಲಿನ ಮಕ್ಕಳ ಅಂಕವೋ, ಬೆಂಗಳೂರಿನಲ್ಲಿ ಕುಳಿತು ಹುದ್ದೆ ಖಾಲಿ ಬಿಟ್ಟವರ ಅಂಕವೋ, ನೀನೇ ಹೇಳು.

ಹಾಗಾದರೆ ಏನು ಮಾಡಬೇಕು ಎಂದು ನೀನು ಕೇಳುತ್ತೀಯ. ಎದುರುವಾದ ಹೂಡದೆ ನಿನಗೆ ಊಟ ಸೇರುವುದಿಲ್ಲ. ಮಗುವಿನ ಹೆಸರು ಕೇಳದೆ ವ್ಯವಸ್ಥೆಯನ್ನು ಅಳೆಯುವ ದಾರಿ ಇದೆ. 2024ರ ಡಿಸೆಂಬರ್ 4ರಂದು ದೇಶದಾದ್ಯಂತ ಪರಖ್ ಸಮೀಕ್ಷೆ ನಡೆಯಿತು. ಆಯ್ದ ಶಾಲೆಗಳಲ್ಲಿ 3, 6 ಮತ್ತು 9ನೇ ತರಗತಿಯ ಕೆಲವೇ ಮಕ್ಕಳು ಬರೆದರು. ಯಾರಿಗೂ ಅಂಕಪಟ್ಟಿ ಇಲ್ಲ, ಪಾಸು ಫೇಲು ಇಲ್ಲ; ಜಿಲ್ಲೆಯ, ರಾಜ್ಯದ ಕಲಿಕೆ ಎಷ್ಟು ಎಂದು ತಿಳಿಯುತ್ತದೆ. ಐದನೇ ತರಗತಿಗೆ ಅಷ್ಟು ಸಾಕು. (ಅದಕ್ಕೂ ವಾರಗಟ್ಟಲೆ ಅಭ್ಯಾಸ ಪತ್ರಿಕೆ ಬಿಡಿಸಿದ ಶೂರರು ನಮ್ಮಲ್ಲಿದ್ದಾರೆ, ಅದನ್ನು ಬಿಡು.) ಹತ್ತನೇ ತರಗತಿಯ ಹೊತ್ತಿಗೆ ಮಾತ್ರ ಹೆಸರು ಹಾಕದ, ಬರಿಯ ಸಂಖ್ಯೆಯ ಹಾಳೆ ಬೇಕೇ ಬೇಕು ಎನ್ನುವವನು ನಾನು. ಟವೆಲಿನಲ್ಲಿ ಅಂಕಪಟ್ಟಿ ಕಟ್ಟಿಕೊಂಡು ತಿರುಗುವ ತಾತಂದಿರು ಇನ್ನೂ ಇದ್ದಾರೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಪ್ರತಿಯೂ ಸಿಗುತ್ತದೆ. ಇವೆರಡೂ ಮಂಡಿ ಮಾವನ ಕಾಲದಲ್ಲಿದ್ದಿದ್ದರೆ ಅವನು ಇಂದು ಏನಾಗಿರುತ್ತಿದ್ದನೋ. ಕೊಬ್ಬರಿಯನ್ನೇ ಮಾರುತ್ತಿದ್ದನೇನೋ, ಆದರೆ ಆ ಲೆಕ್ಕ ಅವನನ್ನು ಇಷ್ಟು ವರ್ಷ ಕಾಡುತ್ತಿರಲಿಲ್ಲ.

ಅಮ್ಮ ಈ ಕಾಗದ ಓದಿ, "ಇದನ್ನೆಲ್ಲ ಓದಿ ಅವಳು ಪರೀಕ್ಷೆಗೆ ಓದುವುದನ್ನೇ ಬಿಟ್ಟರೆ?" ಎಂದು ಗೊಣಗಿದಳು. ಬಿಡುವವಳಲ್ಲ ಎಂದಿದ್ದೇನೆ, ಮರ್ಯಾದೆ ಉಳಿಸು.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ನಾನು ಹಾಸನಕ್ಕೆ ಬರುತ್ತೇನೆ. ಅಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆ ನಿನ್ನ ಕೈಗೆ ಬಂದಿರುತ್ತದೆ. ಅಂಕ ಬರೆದಿರುವ ಮೊದಲ ಪುಟವನ್ನು ಹಿಂದಕ್ಕೆ ಮಡಿಸಿ ಇಟ್ಟಿರು. ಒಳಗಿನ ಪುಟಗಳನ್ನು ಇಬ್ಬರೂ ಕುಳಿತು ನೋಡೋಣ. ಮಂಡಿ ಮಾವನೂ ಬರುತ್ತೇನೆ ಎಂದಿದ್ದಾನೆ.

ಇಂತಿ,
ನಿನ್ನ ಅಪ್ಪ