ಪ್ಲೈವುಡ್ ದೋಣಿ ಕೆಡುವುದು ಅಂಚಿನಿಂದ

ಮಾನ್ಯರೇ,

ಪಾತಿ ದೋಣಿ ತೋಡುವಷ್ಟು ದಪ್ಪದ ಮಾವಿನ ಮರ ಈಗ ಸುಲಭಕ್ಕೆ ಸಿಗದು. ಫೈಬರ್ ದೋಣಿಗೆ ಅಚ್ಚು ಬೇಕು. ಹಾಗಾಗಿ ಹಿನ್ನೀರಿನಲ್ಲಿ ಬಲೆ ಬಿಡಲು, ಗಾಳ ಹಾಕಲು ಮನೆಯಂಗಳದಲ್ಲೇ ಪ್ಲೈವುಡ್ ದೋಣಿ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಕಟ್ಟಬಹುದು. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ ಕಡೆ 1980ರ ದಶಕದಿಂದಲೇ ಪ್ಲೈವುಡ್ ದೋಣಿಗಳು ಸಮುದ್ರದ ಅಲೆಗೇ ಇಳಿದಿವೆ. ಆದರೆ ಅವಸರದಲ್ಲಿ ಕಟ್ಟಿದ್ದು ಎರಡನೇ ಮಳೆಗಾಲಕ್ಕೇ ಪದರ ಬಿಡುತ್ತದೆ. ಆಗ ಎಲ್ಲರೂ ಹಲಗೆಯನ್ನು ದೂರುತ್ತಾರೆ. ತಪ್ಪು ಹೆಚ್ಚಾಗಿ ಅಂಟಿನದು ಮತ್ತು ಅಂಚಿನದು.

14 ಅಡಿ ಉದ್ದ, ತಳ 3 ಅಡಿ, ಮೇಲೆ 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಚಪ್ಪಟೆ ತಳದ ದೋಣಿ ಇಬ್ಬರಿಗೆ ಸಾಕು. ಇದಕ್ಕೆ 8 ಅಡಿ x 4 ಅಡಿಯ ಐದು ಹಾಳೆ ಬೇಕು: ತಳಕ್ಕೆ 9 ಮಿ.ಮೀ. ಎರಡು, ಪಕ್ಕ ಮತ್ತು ಕೂರುವ ಹಲಗೆಗಳಿಗೆ 6 ಮಿ.ಮೀ. ಮೂರು. ಹಿಂಬದಿ ಹಲಗೆಗೆ 9 ಮಿ.ಮೀ. ತುಂಡುಗಳನ್ನೇ ಜೋಡಿಸಿ 18 ಮಿ.ಮೀ. ಮಾಡಬೇಕು. ಮುಗಿದ ದೋಣಿ 70 ಕಿಲೋ ಆಸುಪಾಸು ತೂಗುತ್ತದೆ. ಒಂದೊಂದು ಇಂಚು ಮುಳುಗಲು ಸುಮಾರು 60 ಕಿಲೋ ಭಾರ ಬೇಕು. ಇಬ್ಬರು ಆಳು, ಬಲೆ, ಮೀನು ಎಲ್ಲ ಸೇರಿದರೂ ನಾಲ್ಕು ಇಂಚಿನಷ್ಟೇ ಇಳಿಯುತ್ತದೆ.

ಹಾಳೆ ಐಎಸ್ 710, ಅಂದರೆ ಮರೀನ್ ಪ್ಲೈವುಡ್‌ನ ಭಾರತೀಯ ಮಾನಕದ್ದು, ಆಗಿರಲಿ. ‘ಮರೀನ್’ ಎಂದು ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ. ಐಎಸ್‌ಐ ಗುರುತಿನ ಜತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ಈ ದರ್ಜೆಯ ಅಂಟು 72 ಗಂಟೆ ಕುದಿಸಿದರೂ ಬಿಡಬಾರದೆಂಬುದು ನಿಯಮ. ಅಂಗಡಿಯಿಂದ ಅಂಗೈಯಗಲದ ಚೂರು ತಂದು ಒಂದು ದಿನ ಒಲೆಯ ಮೇಲಿಟ್ಟರೆ ಕಳಪೆ ಮಾಲು ಅಲ್ಲೇ ಬಾಯಿ ಬಿಡುತ್ತದೆ. ಅಂಚನ್ನೂ ಕಣ್ಣಿಟ್ಟು ನೋಡಿ: ಒಳಪದರದಲ್ಲಿ ಬೆಂಕಿಕಡ್ಡಿ ಹೋಗುವಷ್ಟು ಸಂದಿ ಕಂಡರೆ ಆ ಹಾಳೆ ಬೇಡ. ಬಗ್ಗಿಸುವಾಗ ಅಲ್ಲೇ ಮುರಿಯುತ್ತದೆ.

ಇನ್ನು ಅಂಟು. ನಮ್ಮ ಫೈಬರ್ ಕೆಲಸದವರ ಕೈಗೆ ಒಗ್ಗಿರುವುದು ಪಾಲಿಯೆಸ್ಟರ್ ರೆಸಿನ್ ಮತ್ತು ಮ್ಯಾಟ್ (ನೇಯದ ಗಾಜಿನೆಳೆಗಳ ಹಾಸು). ಅಚ್ಚಿನಲ್ಲಿ ಅದು ಒಳ್ಳೆಯದೇ, ಆದರೆ ಮರವನ್ನು ಅದು ಬಿಗಿಯಾಗಿ ಹಿಡಿಯುವುದಿಲ್ಲ. ಮರ ನೀರು ಕುಡಿದು ಹಿಗ್ಗಿದಾಗ ಪದರ ಇಡಿಯಾಗಿ ಹಪ್ಪಳದಂತೆ ಎದ್ದು ಬರುತ್ತದೆ. ಮರಕ್ಕೆ ಎಪಾಕ್ಸಿಯೇ (ರೆಸಿನ್, ಹಾರ್ಡ್‌ನರ್ ಎರಡನ್ನೂ ಕಲಸಿ ಬಳಸುವ ಅಂಟು) ಬೇಕು. ಇಷ್ಟು ದೊಡ್ಡ ದೋಣಿಗೆ ಸುಮಾರು 10 ಕಿಲೋ. ಅದರೊಂದಿಗೆ ಮ್ಯಾಟ್ ಬಳಸಬೇಡಿ. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಗ್ಲಾಸ್ ಕ್ಲಾತ್ ತನ್ನಿ. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಪಾಲಿಯೆಸ್ಟರ್ ಕೆಲಸದಿಂದ ಬಂದ ಅಭ್ಯಾಸ. ಎಪಾಕ್ಸಿಯಲ್ಲಿ ಅಳತೆ ತಪ್ಪಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗದು. ಡಬ್ಬದ ಮೇಲಿನ ಪ್ರಮಾಣವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಒಮ್ಮೆಗೆ 200 ಗ್ರಾಂ ಮೀರಬೇಡಿ, ಕಲಸಿದ ಕೂಡಲೇ ಅಗಲದ ತಟ್ಟೆಗೆ ಸುರಿಯಿರಿ. ಏಪ್ರಿಲ್ ಸೆಕೆಯಲ್ಲಿ ಆಳದ ಲೋಟದಲ್ಲಿ ಬಿಟ್ಟರೆ ಕುದಿಬಂದು ಹೊಗೆಯಾಡುತ್ತದೆ. ಕೈಗವಸು ಬಿಡಲೇಬೇಡಿ, ಎಪಾಕ್ಸಿಯ ತುರಿಕೆ ಒಮ್ಮೆ ಹತ್ತಿದರೆ ಜನ್ಮವಿಡೀ ಬಿಡದಿರಬಹುದು. ಇನ್ನು, ಕೆಲಸ ನವೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಯಬೇಕು. ತೇವದ ಹವೆಯಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೊಳೆಯದೆ ಮುಂದಿನ ಕೋಟು ಕೊಟ್ಟರೆ ಹಿಡಿಯುವುದಿಲ್ಲ.

ಎರಡು ಹಾಳೆಯನ್ನು ಉದ್ದಕ್ಕೆ ಸೇರಿಸುವಾಗ ಅಂಚನ್ನು ದಪ್ಪದ ಎಂಟರಷ್ಟು ಇಳಿಜಾರಾಗಿ ಕೀಸಬೇಕು: 6 ಮಿ.ಮೀ.ಗೆ 48, 9 ಮಿ.ಮೀ.ಗೆ 72. ಕೀಸಿದಂತೆ ಪದರಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಪಟ್ಟೆ ನೇರವಾಗಿದ್ದರೆ ಕೀಸಿದ್ದು ಸರಿ. ಮೊದಲು ಬರೀ ಎಪಾಕ್ಸಿ ಹಚ್ಚಿ, ಮರ ಕುಡಿದ ಮೇಲೆ ಮರದ ನಯಪುಡಿ ಕಲಸಿದ ಎಪಾಕ್ಸಿ ಪುಟ್ಟಿಯನ್ನು ಮೆತ್ತಿ. ಹೆಚ್ಚು ಬಿಗಿದರೆ ಅಂಟೆಲ್ಲ ಹೊರಬಂದು ಬೆಸುಗೆಯೊಳಗೆ ಅಂಟೇ ಉಳಿಯುವುದಿಲ್ಲ.

ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಮಾಡುತ್ತಿದ್ದ ಕರಾವಳಿ ನಮ್ಮದು. ಇಲ್ಲಿಯದೂ ಹೊಲಿಗೆಯೇ, ಆದರೆ ತಾತ್ಕಾಲಿಕ. ಅಂಚಿನಿಂದ 10 ಮಿ.ಮೀ. ಒಳಗೆ, ಆರಾರು ಇಂಚಿಗೆ 2 ಮಿ.ಮೀ. ತೂತು ಕೊರೆದು 18 ಗೇಜಿನ ತಾಮ್ರದ ತಂತಿಯಿಂದ ಪಕ್ಕ, ತಳ, ಹಿಂಬದಿಯನ್ನು ಕಟ್ಟಬೇಕು. ಎಪಾಕ್ಸಿ ಮುಟ್ಟುವ ಮೊದಲು ಮೂತಿಯಿಂದ ಹಿಂಬದಿಯ ಎರಡೂ ಮೂಲೆಗೆ ಹಗ್ಗ ಹಿಡಿದು ಅಳೆಯಿರಿ. ಕಾಲಿಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಚ್ಚಿ ಸರಿಮಾಡಿ. ತಿರುಚಿಕೊಂಡ ದೋಣಿ ಎಷ್ಟು ಹುಟ್ಟು ಹಾಕಿದರೂ ಒಂದೇ ಕಡೆ ಎಳೆಯುತ್ತದೆ. ಒಳಮೂಲೆಗೆ ಉದ್ದಿನ ವಡೆಯ ಹಿಟ್ಟಿನಷ್ಟು ಗಟ್ಟಿ ಪುಟ್ಟಿ ತುಂಬಿ ಚಮಚದ ಬೆನ್ನಿನಿಂದ ಇಳಿಜಾರು ಮಾಡಿ, ಅದರ ಮೇಲೆ ಮೂರಿಂಚಿನ ಗ್ಲಾಸ್ ಪಟ್ಟಿ ಹಾಕಿ. ಮಾರನೇ ದಿನ ತಂತಿ ತೆಗೆದು ಹೊರ ಅಂಚು ಉರುಟು ಮಾಡಿ, ಅಲ್ಲೂ ಪಟ್ಟಿ, ತಳಕ್ಕೆ ಪೂರಾ ಬಟ್ಟೆ.

ದೋಣಿಯ ಆಯುಷ್ಯ ನಿಂತಿರುವುದು ಮುಂದಿನ ಕೆಲಸದಲ್ಲಿ. ಹಲಗೆಯ ಮುಖಕ್ಕಿಂತ ಅಂಚು ಹಲವು ಪಟ್ಟು ಬೇಗ ನೀರು ಹೀರುತ್ತದೆ. ಕೊಯ್ದ ಪ್ರತಿ ಅಂಚಿಗೂ ಮೂರು ಕೋಟು ಎಪಾಕ್ಸಿ ಬೇಕು. ಸ್ಕ್ರೂ ತೂತೂ ಅಂಚೇ. ಅದನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸ್ಕ್ರೂ ಗಾತ್ರಕ್ಕೆ ಮತ್ತೆ ಕೊರೆಯಬೇಕು. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಹಿತ್ತಾಳೆಯದು ಬೇಡ. ಉಪ್ಪುನೀರಿನಲ್ಲಿ ಹಿತ್ತಾಳೆಯ ಸತು ಕರಗಿ ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕೆಡುವ ದೋಣಿ ಮೊದಲೇ ಸುಳಿವು ಕೊಡುತ್ತದೆ: ಹುಟ್ಟು ಕಟ್ಟುವ ಜಾಗದ ಸುತ್ತ ಬಣ್ಣದಡಿ ಕಪ್ಪು ಗೆರೆ, ಬೆರಳಗಂಟಿನಿಂದ ತಟ್ಟಿದರೆ ಟಕ್ ಎನ್ನುವ ಬದಲು ದೊಬ್ ಎನ್ನುವ ಸದ್ದು. ಕೂಡಲೇ ಕೆರೆದು ಒಣಗಿಸಿದರೆ ಉಳಿಯುತ್ತದೆ. ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟಿ ಪುಡಿಯಾಗುವುದರಿಂದ ಬಣ್ಣ ಬೇಕೇಬೇಕು, ಮೊದಲು ಎಪಾಕ್ಸಿ ಪ್ರೈಮರ್. ನೇರ ಎನಾಮೆಲ್ ಕೆಲವೊಮ್ಮೆ ವಾರವಾದರೂ ಒಣಗದೆ ಕೈಗಂಟುತ್ತದೆ.

ಉಪ್ಪುನೀರಿಗಿಂತ ಒಳಗೆ ನಿಂತ ಮಳೆನೀರು ಮರಕ್ಕೆ ಕೆಟ್ಟದ್ದು. ಕೆಲಸ ಮುಗಿದ ಮೇಲೆ ದಡಕ್ಕೆಳೆದು ಕವುಚಿ, ಅಡಿಗೆ ಗಾಳಿಯಾಡುವಂತೆ ಎರಡು ಅಡ್ಡ ಕೊಟ್ಟು ಇಡಿ. ಮರ ಕೊರೆಯುವ ಹುಳಕ್ಕೂ ಇದೇ ಮದ್ದು. ಕೂರುವ ಹಲಗೆಗಳಡಿ ಮುಚ್ಚಳ ಬಿಗಿದ ಖಾಲಿ ಕ್ಯಾನುಗಳನ್ನು, ಒಟ್ಟು 80 ಲೀಟರಿನಷ್ಟಾದರೂ, ಭದ್ರವಾಗಿ ಕಟ್ಟಿ. ದೋಣಿ ತುಂಬಿದರೂ ಹಿಡಿದುಕೊಳ್ಳಲು ತೇಲುತ್ತಿರುತ್ತದೆ. ಲೈಫ್ ಜಾಕೆಟ್ ಬೇರೆ ಇರಲೇಬೇಕು. ಇದು ಹೊಳೆಯ ದೋಣಿ, ಅಳಿವೆ ದಾಟಿಸಬೇಡಿ.

ಎಪಾಕ್ಸಿ ಸಣ್ಣ ಊರುಗಳ ಅಂಗಡಿಗಳಲ್ಲಿ ಚಿಲ್ಲರೆಯಾಗಿ ಸಿಗುವುದು ಅಪರೂಪ, ಡಬ್ಬದ ಸೂಚನೆ ಕನ್ನಡದಲ್ಲಿರುವುದು ಇನ್ನೂ ಅಪರೂಪ. ಅಂಟಿನಲ್ಲಿ ತಪ್ಪಾಗುವುದು ಇದರಿಂದಲೂ ಹೌದು. ಮಂಗಳೂರಿನ ಮೀನುಗಾರಿಕಾ ಕಾಲೇಜು ಮತ್ತು ಮೀನುಗಾರಿಕೆ ಇಲಾಖೆ ಸೇರಿ ಮಳೆ ನಿಂತ ಮೇಲೆ ಹೊಳೆದಡದ ಊರುಗಳಲ್ಲಿ ಎರಡು ದಿನದ ತರಬೇತಿ ಇಡಬೇಕು. ಪೂರ್ತಿ ದೋಣಿ ಕಟ್ಟಿ ತೋರಿಸಬೇಕೆಂದಿಲ್ಲ. ಎಪಾಕ್ಸಿ ತೂಗುವುದು, ಇಳಿಜಾರು ಬೆಸುಗೆ, ಅಂಚು ಮುಚ್ಚುವುದು, ಇವಿಷ್ಟನ್ನು ಕೈಹಿಡಿದು ಮಾಡಿಸಿದರೆ ಉಳಿದದ್ದು ನಮ್ಮ ಊರಿನ ಬಡಗಿಗಳಿಗೆ ಬರುತ್ತದೆ.

– ದೋಣಿ ಕೆಲಸದವರು, ಕುಂದಾಪುರ ತಾಲ್ಲೂಕು