ಬ್ರೆಸ್ಟ್‌ಸ್ಟ್ರೋಕ್‌ನವರ ಗಮನಕ್ಕೆ: ತಿರುವು, ಗೋಡೆ, ಮಂಡಿ

ನಮಸ್ಕಾರ. ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕಾಲು ಒದ್ದು ಈಜುವ ಶೈಲಿ) ಸ್ಪರ್ಧೆಗೆ ಇಳಿಯುವವರು ದಯವಿಟ್ಟು ಪೂರ್ತಿ ಓದಿ.

ಹೆಚ್ಚು ಜನ ಅನರ್ಹರಾಗುವುದು ಈಜುವಾಗಲ್ಲ, ಗೋಡೆಯ ಹತ್ತಿರ. ತಿರುವಿನಲ್ಲೂ ಮುಕ್ತಾಯದಲ್ಲೂ ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು, ಒಂದರ ಮೇಲೊಂದು ಇರಬಾರದು. ಸುಸ್ತಾದಾಗ ಒಂದು ಭುಜ ಇಳಿಯುತ್ತದೆ, ಆ ಕಡೆಯ ಕೈ ತಡವಾಗುತ್ತದೆ. ಆದ್ದರಿಂದ ಅಭ್ಯಾಸದ ಕೊನೆಯ ಸುತ್ತುಗಳಲ್ಲೇ ಇದನ್ನು ನೋಡಿಕೊಳ್ಳಿ.

ಗೋಡೆ ಒದ್ದ ಮೇಲೆ ನೀರೊಳಗೆ ತೊಡೆಯವರೆಗೆ ಒಂದೇ ಎಳೆತ, ಮೊದಲ ಬ್ರೆಸ್ಟ್‌ಸ್ಟ್ರೋಕ್ ಒದೆತಕ್ಕೆ ಮುಂಚೆ ಒಂದೇ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಅಲೆಯಂತೆ ಒದೆಯುವುದು). ಎರಡನೆಯದು ಬಿದ್ದರೆ ಕಥೆ ಮುಗಿಯಿತು. ಎಳೆದ ಕೈಗಳನ್ನು ಹೊಟ್ಟೆಗೆ, ಎದೆಗೆ ಒತ್ತಿಕೊಂಡಂತೆ ಮುಂದೆ ತನ್ನಿ. ಮೊಣಕೈ ಅಗಲವಾದರೆ ಗಳಿಸಿದ ವೇಗವೆಲ್ಲ ಅಲ್ಲೇ ಸಾಯುತ್ತದೆ. ಎರಡನೇ ಎಳೆತದಲ್ಲಿ ಕೈಗಳು ಪೂರ್ತಿ ಅಗಲಿಸಿ ಒಳಗೆ ತಿರುಗುವ ಮುಂಚೆ ತಲೆ ಮೇಲೆ ಬಂದಿರಬೇಕು.

ಗೋಡೆಯ ಬೆಲೆ ಎಷ್ಟು ಗೊತ್ತೇ? 2016 ಮತ್ತು ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ 100 ಮೀಟರ್ ಚಿನ್ನ ಗೆದ್ದ, 2019ರಲ್ಲಿ 56.88 ಸೆಕೆಂಡ್‌ಗಳ ವಿಶ್ವದಾಖಲೆ ಬರೆದ ಬ್ರಿಟನ್‌ನ ಬ್ರೆಸ್ಟ್‌ಸ್ಟ್ರೋಕ್ ಈಜುಗಾರ ಆಡಮ್ ಪೀಟಿ, 2024ರ ಪ್ಯಾರಿಸ್‌ನಲ್ಲಿ ಚಿನ್ನ ಕಳೆದುಕೊಂಡದ್ದು ಬರೀ 0.02 ಸೆಕೆಂಡಿನಿಂದ.

ಇನ್ನು ಮಂಡಿ. ಈ ಶೈಲಿಯವರನ್ನು ಹೆಚ್ಚಾಗಿ ಕಾಡುವುದು ಇದರ ನೋವೇ. ಮಂಡಿಗಳನ್ನು ಸೊಂಟಕ್ಕಿಂತ ಬಹಳ ಅಗಲ ತೆರೆದು ಒದ್ದರೆ ಒಳಬದಿಯ ಅಸ್ಥಿರಜ್ಜು ಎಳೆಯುತ್ತದೆ. ಪಾದ ಹೊರಕ್ಕೆ ತಿರುಗಲಿ, ಆದರೆ ಆ ತಿರುವು ಸೊಂಟ ಮತ್ತು ಕಣಕಾಲಿನಿಂದ ಬರಲಿ. ಒಳಬದಿ ಒತ್ತಿದಾಗ ನೋವಿದ್ದರೆ ಅವತ್ತೇ ಕಿಕ್ ಸೆಟ್ (ಬರೀ ಕಾಲು ಒದೆಯುವ ಅಭ್ಯಾಸ) ನಿಲ್ಲಿಸಿ, ಪುಲ್ ಬಾಯ್ (ತೊಡೆಗಳ ನಡುವೆ ಹಿಡಿಯುವ ತೇಲುವ ತುಂಡು) ಇಟ್ಟು ಬರೀ ಕೈಗಳಿಂದ ಈಜಿ, ಕೋಚ್‌ಗೆ ತಿಳಿಸಿ. ಸಹಿಸಿಕೊಂಡು ಒದೆಯಬೇಡಿ.