ಕಾರು ಹಳತಿರ್ಲಿ, ರಿಪೇರಿ ವಿದ್ಯೆ ಹಳತಾದ್ರೆ ಕಷ್ಟ

ಸಂಪಾದಕರಿಗೆ ನಮಸ್ಕಾರ.

ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳನ್ನೆಲ್ಲ ಗುಜರಿಗೆ ಹಾಕ್ಬೇಕು ಅಂತ ನಿಮ್ಮ ಓದುಗರೊಬ್ರು ಬರೆದದ್ದು ನೋಡಿದೆ. ದೆಹಲಿಯ ಸುದ್ದಿ ಓದಿ ಹಾಗೆ ಬರೆದದ್ದು ಅಂತ ಕಾಣ್ತದೆ. ಆ ಹತ್ತು ವರ್ಷದ ಲೆಕ್ಕ 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಸುತ್ತಮುತ್ತಲಿಗೆ ಹಾಕಿದ್ದು, ಕಾಸರಗೋಡಿಗೂ ಅದಕ್ಕೂ ಎಂತ ಸಂಬಂಧ ಇಲ್ಲ. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ರಿಜಿಸ್ಟ್ರೇಷನ್, ಆಮೇಲೆ ಗಾಡಿ ತಕೊಂಡೋಗಿ ತೋರಿಸಿ, ಫಿಟ್ ಉಂಟು ಅಂತಾದ್ರೆ ಐದೈದು ವರ್ಷ ಮುಂದೆ ಹಾಕ್ಸ್‌ಬಹುದು, ಖರ್ಚು ಜಾಸ್ತಿ ಆಗಿದೆ ಅದು ಬೇರೆ ಮಾತು. ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯ ತೋಟದ ಮನೆಗಳಲ್ಲಿ ನೋಡಿ, ಅಡಿಕೆ ಗೋಣಿ ಹೇರಿಕೊಂಡು ಮಣ್ಣಿನ ಏರು ಹತ್ತಲಿಕ್ಕೆ ಈಗಲೂ ಹಳೆ ಡೀಸೆಲ್ ಗಾಡಿಯೇ. ಹೊಸತು ತಕೊಳ್ಳುವಾ ಅಂದ್ರೆ ಮಾರುತಿಯವರು 2020ರ ಏಪ್ರಿಲಿಂದ ಡೀಸೆಲ್ ಕಾರು ಮಾಡುದನ್ನೇ ನಿಲ್ಸಿದ್ದಾರೆ. ಹಾಗಾಗಿ ಇದ್ದದ್ದನ್ನ ಜೋಪಾನ ಮಾಡುದು ಜಿಪುಣತನ ಅಲ್ಲ ಮಾರಾಯ್ರೆ, ಬೇರೆ ದಾರಿ ಇಲ್ಲ.

ಆದ್ರೆ ನಾನು ಬರೀಲಿಕ್ಕೆ ಕೂತದ್ದು ಆ ವಾದಕ್ಕಲ್ಲ. ಮನೆಯಲ್ಲೇ ರಿಪೇರಿ ಮಾಡುವವರು ನಮ್ಮೂರಲ್ಲಿ ಈಗ ಜಾಸ್ತಿ ಆಗಿದ್ದಾರೆ, ಆನ್‌ಲೈನಲ್ಲಿ ಟೂಲ್ ಕಿಟ್ ಬರ್ತದೆ, ಮೊಬೈಲಲ್ಲಿ ಮಲಯಾಳಂ ಹಿಂದಿ ವಿಡಿಯೋ ಸಿಗ್ತದೆ, ಮತ್ತೆ ಪಕ್ಕದ ಮನೆಯಲ್ಲಿ ಒಂದು ಕಾಲದಲ್ಲಿ ಜೀಪು ಅಂಬಾಸಿಡರ್ ಬಿಚ್ಚಿ ಜೋಡಿಸಿದ ಒಬ್ರು ಮಾವ ಇದ್ದೇ ಇರ್ತಾರೆ. ತೊಂದರೆ ಇರುದು ಅಲ್ಲಿಯೇ. ಮಾವನಿಗೆ ಗೊತ್ತಿರುದು ಮೆಕ್ಯಾನಿಕಲ್ ಪಂಪಿನ ಡೀಸೆಲ್. ಈಗ ಹಳತಾಗ್ತಾ ಇರುವ ಸ್ವಿಫ್ಟ್, ರಿಟ್ಜ್, ಐ20, ವೆರ್ನಾ, ಇವುಗಳ ಡೀಸೆಲ್ ಎಲ್ಲ ಕಾಮನ್ ರೈಲ್, ಅಂದ್ರೆ ಪಂಪ್ ಒತ್ತಿದ ಡೀಸೆಲ್ ರೈಲ್ ಅನ್ನುವ ಒಂದೇ ಪೈಪಲ್ಲಿ ಭಾರಿ ಪ್ರೆಶರಲ್ಲಿ ನಿಂತಿರ್ತದೆ, ಅಲ್ಲಿಂದ ಇಂಜೆಕ್ಟರುಗಳು ಅದನ್ನ ಸಿಲಿಂಡರಿಗೆ ಚಿಮ್ಮಿಸ್ತವೆ. ಹೆಸರು ಮಾತ್ರ ಡೀಸೆಲ್, ಒಳಗಿನ ಜಾತಿಯೇ ಬೇರೆ.

ಒಂದು ಉದಾಹರಣೆ ಹೇಳ್ತೇನೆ. ಎಂಜಿನ್ ಮಿಸ್ಸಿಂಗ್ ಹೊಡಿತಾ ಇದ್ರೆ ಹಿಂದೆ ಎಂತ ಮಾಡ್ತಿದ್ರು? ಗಾಡಿ ಸ್ಟಾರ್ಟಲ್ಲಿ ಇಟ್ಟು ಇಂಜೆಕ್ಟರ್ ಪೈಪಿನ ನಟ್ಟು ಒಂದೊಂದಾಗಿ ಸ್ವಲ್ಪ ಲೂಸ್ ಮಾಡುದು, ಯಾವುದನ್ನ ಬಿಚ್ಚಿದಾಗ ಎಂಜಿನ್ ಸೌಂಡಲ್ಲಿ ವ್ಯತ್ಯಾಸ ಬರುದಿಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಾ ಇಲ್ಲ ಅಂತ ಲೆಕ್ಕ. ಅದೂ ಸೇಫ್ ಏನಲ್ಲ, ಬಚಾವಾಗಿ ಬಂದ್ರು ಅಷ್ಟೆ. ಅದೇ ಕೈಚಳಕವನ್ನ ಕಾಮನ್ ರೈಲ್ ಎಂಜಿನ್ನಿಗೆ ತೋರಿಸ್ಲಿಕ್ಕೆ ಹೋದ್ರೆ ಕೈಯೇ ಹೋಗ್ತದೆ. ನಮ್ಮ ಕಾರಿನ ಟಯರಲ್ಲಿ ಇರುವ ಗಾಳಿ ಹೆಚ್ಚುಕಮ್ಮಿ 2 ಬಾರ್, ಬಾರ್ ಅಂದ್ರೆ ಪ್ರೆಶರಿನ ಅಳತೆ. ಕಾಮನ್ ರೈಲಲ್ಲಿ ಐಡಲ್ ಇರುವಾಗಲೇ 200-300 ಬಾರ್ ಇರ್ತದೆ, ಏರು ಹತ್ತಿ ಎಳೆವಾಗ ಎಂಜಿನ್ ನೋಡಿಕೊಂಡು 1600 ಬಾರ್ ವರೆಗೂ ಹೋಗ್ತದೆ. ಅಷ್ಟು ಪ್ರೆಶರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಹೊರಗೆ ಬರುವ ಡೀಸೆಲ್ ಗ್ಲೌಸ್ ಹಾಕಿದ್ರೂ ಬಿಡುದಿಲ್ಲ, ಚರ್ಮ ತೂತು ಮಾಡಿ ಸೀದ ಒಳಗೆ ಹೋಗ್ತದೆ. ಮೋಸ ಎಂತ ಅಂದ್ರೆ ಆ ಕ್ಷಣಕ್ಕೆ ದೊಡ್ಡ ನೋವು ಇರುದಿಲ್ಲ, ಬೆರಳ ತುದಿಯಲ್ಲಿ ಮುಳ್ಳು ಚುಚ್ಚಿದ ಹಾಗೆ ಒಂದು ಚುಕ್ಕೆ, ರಕ್ತವೂ ಬರ್ಲಿಕ್ಕಿಲ್ಲ, ಅರಶಿನ ಹಚ್ಚಿ ಮತ್ತೆ ಕೆಲಸಕ್ಕೆ ಕೂತುಬಿಡ್ತಾರೆ. ಕೆಲವು ಗಂಟೆಯಲ್ಲಿ ಬೆರಳು ಊದಿ ಬಿಳಿಚಿಕೊಳ್ತದೆ, ಒಳಗಿನ ಮಾಂಸ ಸಾಯ್ಲಿಕ್ಕೆ ಶುರು ಆಗಿರ್ತದೆ. ಅದು ಆಪರೇಷನ್ ಕೇಸು, ಅದೇ ದಿನ, ಆದಷ್ಟು ಬೇಗ, ಕೈಯ ಸರ್ಜರಿ ಮಾಡುವ ಡಾಕ್ಟ್ರು ಇರುವ ಕಡೆಗೇ ಹೋಗ್ಬೇಕು, ನಮ್ಮವರಿಗೆ ಅಂದ್ರೆ ಹೆಚ್ಚಾಗಿ ಮಂಗ್ಳೂರಿಗೇ. ಹೋದ ಕೂಡ್ಲೆ ಇದು ಗಾಯ ಅಲ್ಲ, ಪ್ರೆಶರಲ್ಲಿ ಡೀಸೆಲ್ ಒಳಗೆ ಹೊಕ್ಕಿದೆ ಅಂತ ಬಾಯಿ ಬಿಟ್ಟು ಹೇಳ್ಬೇಕು, ಇಲ್ಲದಿದ್ರೆ ಹೊರಗಿಂದ ನೋಡಿ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.

ಹಾಗಾಗಿ ಎಂಜಿನ್ ಓಡ್ತಾ ಇರುವಾಗ ಡೀಸೆಲ್ ಲೀಕ್ ಎಲ್ಲಿ ಅಂತ ಬೆರಳಲ್ಲಿ ಸವರಿ ನೋಡುದು ಬೇಡವೇ ಬೇಡ. ಆಫ್ ಮಾಡಿ, ಒಣಗಿದ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಓಡಿಸಿ ಮತ್ತೆ ಆಫ್ ಮಾಡಿ ಎಲ್ಲಿ ಒದ್ದೆ ಆಗಿದೆ ಅಂತ ದೂರದಿಂದ ಟಾರ್ಚ್ ಹಾಕಿ ನೋಡಿ. ಪಂಪಿಂದ ರೈಲಿಗೆ, ರೈಲಿಂದ ಇಂಜೆಕ್ಟರಿಗೆ ಹೋಗುವ ಆ ದಪ್ಪ ಉಕ್ಕಿನ ಪೈಪುಗಳಿಗೆ ಸ್ಪ್ಯಾನರ್ ಹಾಕುದು ಮನೆ ಕೆಲಸ ಅಲ್ಲ, ಅದು ಎಂಜಿನ್ನಿನ ದೋಷ ಓದುವ ಸ್ಕ್ಯಾನರ್ ಇರುವ, ಈ ಎಂಜಿನ್ ಗೊತ್ತಿರುವ ವರ್ಕ್‌ಶಾಪಿಂದೇ ಕೆಲಸ.

ಹಳೆ ವಿದ್ಯೆಯ ಇನ್ನೆರಡು ಬಾಬ್ತು ಇಲ್ಲೇ ಹೇಳಿಬಿಡ್ತೇನೆ. ಮಳೆಗಾಲದ ಬೆಳಗ್ಗೆ ಸ್ಟಾರ್ಟ್ ಆಗದಿದ್ರೆ ಪೆಟ್ರೋಲಲ್ಲಿ ಅದ್ದಿದ ಬಟ್ಟೆ ಏರ್ ಫಿಲ್ಟರ್ ಬಾಯಿಗೆ ಹಿಡಿಯುದು ಉಂಟಲ್ಲ, ಹೀಟರ್ ಪ್ಲಗ್ ಕಾದಿರುವ ಎಂಜಿನ್ನಲ್ಲಿ ಅದು ಒಳಗೇ ಢಂ ಅನ್ನಬಹುದು, ಮುಖ ಸುಟ್ಟುಕೊಳ್ಳಲೂಬಹುದು. ಮತ್ತೊಂದು ಡೀಸೆಲಿಗೆ ಸೀಮೆಎಣ್ಣೆ ಬೆರೆಸುದು. ಕಾಮನ್ ರೈಲ್ ಪಂಪಿಗೆ ಡೀಸೆಲೇ ಲೂಬ್ರಿಕೇಶನ್, ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ, ಪಂಪ್ ಒಳಗೊಳಗೇ ಸವೆದು ಕಬ್ಬಿಣದ ಪುಡಿ ಬಿಡ್ತದೆ, ಆ ಪುಡಿ ಹೋಗಿ ಕೂರುದು ಇಂಜೆಕ್ಟರಲ್ಲಿ. ಉಳಿಸಿದ್ದು ನೂರು, ಹೋಗುದು ಹತ್ತಿಪ್ಪತ್ತು ಸಾವಿರ.

ಹಾಗಾದ್ರೆ ಮನೆಯಲ್ಲಿ ಎಂತದೂ ಮಾಡ್ಬಾರ್ದಾ ಅಂತ ಕೇಳಿದ್ರೆ, ಮಾಡ್ಲಿಕ್ಕೆ ಧಾರಾಳ ಉಂಟು, ಮತ್ತೆ ಗಾಡಿಯ ಆಯುಷ್ಯ ಇರುದೇ ಆ ಸಣ್ಣ ಕೆಲಸಗಳಲ್ಲಿ. ನನ್ನ ಪ್ರಕಾರ ನಮ್ಮೂರಿನ ಡೀಸೆಲ್ ಗಾಡಿಗೆ ಎಲ್ಲಕ್ಕಿಂತ ಮುಖ್ಯ ಡೀಸೆಲ್ ಫಿಲ್ಟರಿನ ನೀರು ತೆಗೆಯುದು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ದು, ಅರ್ಧ ಖಾಲಿ ಟ್ಯಾಂಕಿನ ಒಳಗೆ ಬೆವರಿಳಿದು ನೀರಾಗ್ತದೆ, ಕ್ಯಾನಲ್ಲಿ ತಂದಿಟ್ಟ ಡೀಸೆಲಲ್ಲೂ ಇರ್ತದೆ. ತಲಪಾಡಿಯಾಚೆ ಕರ್ನಾಟಕದಲ್ಲಿ ರೇಟು ಕಡಿಮೆ ಅಂತ ಹೋದಾಗೆಲ್ಲ ಫುಲ್ ಟ್ಯಾಂಕ್ ಹಾಕ್ಸುವವರಿಗೆ ಈ ವಿಷಯದಲ್ಲಿ ಗೊತ್ತಿಲ್ಲದೇ ಲಾಭ. ಹೆಚ್ಚಿನ ಕಾರುಗಳಲ್ಲಿ ಫಿಲ್ಟರಿನ ಅಡಿಯಲ್ಲಿ ಒಂದು ಡ್ರೈನ್ ಸ್ಕ್ರೂ ಇರ್ತದೆ. ಎಂಜಿನ್ ತಣಿದ ಮೇಲೆ ಅದರಡಿ ಒಂದು ಗಾಜಿನ ಬಾಟ್ಲಿ ಹಿಡಿದು ಎರಡು ಸುತ್ತು ಸಡಿಲ ಮಾಡಿ, ಮೊದ್ಲು ಬರುದು ಬೂದು ಬಣ್ಣದ ಕಲಕು ನೀರು, ಆಮೇಲೆ ಹಳದಿ ಬಣ್ಣದ ಸ್ವಚ್ಛ ಡೀಸೆಲ್ ಬರ್ತದೆ, ಆಗ ಬಿಗಿ ಮಾಡಿ. ಬಾಟ್ಲಿಯನ್ನ ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿದ್ರೆ ನೀರು ಅಡಿಯಲ್ಲಿ ಡೀಸೆಲ್ ಮೇಲೆ ಬೇರೆ ಬೇರೆ ನಿಂತಿರ್ತದೆ, ಎಷ್ಟು ನೀರಿತ್ತು ಅಂತ ಅಲ್ಲೇ ಲೆಕ್ಕ ಸಿಗ್ತದೆ. ಫಿಲ್ಟರ್ ಬದಲಿಸಿದ ಮೇಲೆ ಲೈನಲ್ಲಿ ಏರ್ ಸಿಕ್ಕಿಕೊಳ್ತದೆ, ಕೈಪಂಪ್ ಇರುವ ಗಾಡಿಯಾದ್ರೆ ಅದು ಗಟ್ಟಿ ಆಗುವವರೆಗೆ ಒತ್ತಿ ಆಮೇಲೆ ಕೀ ತಿರುಗಿಸಿ, ಸುಮ್ನೆ ಕ್ರ್ಯಾಂಕ್ ಮಾಡ್ತಾ ಕೂತು ಸ್ಟಾರ್ಟರ್ ಸುಡ್ಬೇಡಿ.

ಆಯಿಲ್, ಏರ್ ಫಿಲ್ಟರ್, ಬ್ಯಾಟ್ರಿ ಎಲ್ಲ ಗೊತ್ತಿದ್ದದ್ದೇ. ಆಯಿಲ್ ಹಾಕಿ ನಾಲ್ಕು ದಿನದಲ್ಲಿ ಕಪ್ಪಾಯ್ತು ಅಂತ ಅಂಗಡಿಯವನತ್ರ ಜಗಳಕ್ಕೆ ಹೋಗ್ಬೇಡಿ, ಡೀಸೆಲಲ್ಲಿ ಅದು ಸಹಜ. ಬ್ಯಾಟ್ರಿ ಬಿಚ್ಚುವಾಗ ಮೈನಸ್ ಮೊದ್ಲು, ಹಾಕುವಾಗ ಮೈನಸ್ ಕೊನೆಗೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಬಾರ್ದು, ಕೆಲವು ಕಾರಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಿರುಗ್ತದೆ, ಅಲ್ಲಿ ಕೈ ಹಾಕುವಾಗ ಜಾಗ್ರತೆ. ತೆಗೆದ ಕೂಲೆಂಟ್ ಅಂಗಳದಲ್ಲಿ ಇಡ್ಬೇಡಿ, ಅದು ಸಿಹಿ ಇರ್ತದೆ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತದೆ. ಇಲಿ ವಯರ್ ಕಡಿಯುದಕ್ಕೆ ಮಾತ್ರ ಯಾರತ್ರವೂ ಮದ್ದಿಲ್ಲ, ಹೊಗೆಸೊಪ್ಪು ಕಟ್ಟಿದವರ ಕಾರಿನ ವಯರೂ ಕಡಿದಿದೆ, ಅಡಿಕೆ ರಾಶಿಯ ಪಕ್ಕ ಕಾರು ನಿಲ್ಸದಿದ್ರೆ ಸ್ವಲ್ಪ ಕಡಿಮೆ.

ಇನ್ನು ಜಾಕಿ. ಇದನ್ನ ಬರೀದೆ ಇದ್ರೆ ಪತ್ರ ಬರ್ದದ್ದೇ ದಂಡ. ಕಾರಿನ ಜೊತೆ ಬರುವ ಆ ಸಣ್ಣ ಜಾಕಿ ಇರುದು ಸ್ಟೆಪ್ನಿ ಬದಲಿಸ್ಲಿಕ್ಕೆ ಮಾತ್ರ, ಅಡಿಗೆ ಹೋಗಿ ಮಲಗ್ಲಿಕ್ಕೆ ಅಲ್ಲ. ನಮ್ಮವರು ಎಂತ ಮಾಡ್ತಾರೆ ಅಂದ್ರೆ ಜಾಕಿ ಕೊಟ್ಟು ಎತ್ತಿ ಅಡಿಗೆ ಎರಡು ಕೆಂಪುಕಲ್ಲು ಇಡ್ತಾರೆ, ಮನೆ ಕಟ್ಟಿ ಉಳಿದದ್ದು ಹಿತ್ತಿಲಲ್ಲಿ ರಾಶಿ ಇರ್ತದಲ್ಲ. ಕಲ್ಲು ನೋಡ್ಲಿಕ್ಕೆ ಗಟ್ಟಿ, ಗೋಡೆಯಲ್ಲಿ ಗಟ್ಟಿಯೇ, ಯಾಕಂದ್ರೆ ಅಲ್ಲಿ ಭಾರ ಇಡೀ ಮೈಗೆ ಹಂಚಿರ್ತದೆ. ಕಾರಿನ ಚಾಸಿಯ ಅಂಚು ಎರಡು ಬೆರಳಗಲದ ಜಾಗದಲ್ಲಿ ಕೂತಾಗ ಅದರ ತೂತುಗಳೆಲ್ಲ ಕುಸಿದು ಪುಡಿ ಪುಡಿ, ಅದೂ ಮಳೆಗೆ ನೆನೆದ ಕಲ್ಲಾದ್ರೆ ಕೇಳುದೇ ಬೇಡ. ಸಿಮೆಂಟಿನ ಹಾಲೋ ಬ್ಲಾಕ್ ಇನ್ನೂ ಅಪಾಯ, ಅದು ಮುನ್ಸೂಚನೆ ಕೊಡದೇ ಒಮ್ಮೆಗೇ ಒಡಿತದೆ. ಎತ್ತಿದ ಗಾಡಿಯನ್ನ ಹೊತ್ತು ನಿಲ್ಲುವ ಒಂದು ಜೊತೆ ಜಾಕ್ ಸ್ಟ್ಯಾಂಡಿಗೆ ಒಂದು ಸರ್ವಿಸಿನ ದುಡ್ಡೂ ಆಗುದಿಲ್ಲ, ಅದು ಇಲ್ಲ ಅಂತಾದ್ರೆ ಅಡಿಗೆ ಹೋಗುವ ಕೆಲಸ ಬೇಡ. ಸ್ಟ್ಯಾಂಡ್ ಇದ್ರೂ ಬಿಚ್ಚಿದ ಚಕ್ರವನ್ನ ಚಾಸಿಯ ಅಡಿಗೆ ಮಲಗಿಸಿ ಇಡಿ. ಮತ್ತೆ ಹ್ಯಾಂಡ್‌ಬ್ರೇಕ್ ಇರುದು ಹಿಂದಿನ ಚಕ್ರಕ್ಕೆ, ಹಿಂದೆ ಎತ್ತಿದ್ರೆ ಅದನ್ನ ನಂಬ್ಲಿಕ್ಕೆ ಆಗುದಿಲ್ಲ, ಮುಂದಿನ ಚಕ್ರಕ್ಕೆ ಎರಡೂ ಬದಿ ಅಡ್ಡ ಕಟ್ಟಿಗೆ ಕೊಡ್ಬೇಕು. ನಮ್ಮ ಅಂಗಳ ಸಮ ಉಂಟು ಅಂತ ಕಾಣ್ತದೆ, ಆದ್ರೆ ಮಳೆನೀರು ಹರಿಲಿಕ್ಕೆ ಅಂತ ಒಂದು ಬದಿಗೆ ಇಳಿಜಾರು ಮಾಡಿಯೇ ಇರ್ತಾರೆ. ಮಂಜೇಶ್ವರ ಉಪ್ಪಳದ ಸಮುದ್ರ ಬದಿಯವರು ಇನ್ನೊಂದು ನೋಡ್ಬೇಕು, ಉಪ್ಪುಗಾಳಿಗೆ ಜಾಕಿ ಕೊಡುವ ಜಾಗವೇ ತುಕ್ಕು ಹಿಡಿದು ಟೊಳ್ಳಾಗಿರ್ತದೆ, ಸ್ಕ್ರೂಡ್ರೈವರಲ್ಲಿ ಕುಟ್ಟಿ ನೋಡಿ, ಒಳಗೆ ಹೋಯ್ತು ಅಂದ್ರೆ ಮೊದ್ಲು ವೆಲ್ಡಿಂಗ್‌ನವನ ಹತ್ರ.

ಹಳೆ ಟರ್ಬೋ ಗಾಡಿ ಇರುವವರಿಗೆಲ್ಲ ಒಂದು ವಿಷಯ ಗೊತ್ತಿರ್ಲೇಬೇಕು. ಟರ್ಬೋ ಅಂದ್ರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿಸುವ ಫ್ಯಾನ್, ಅದರ ಸೀಲು ಹೋದ್ರೆ ಎಂಜಿನ್ ತನ್ನ ಆಯಿಲನ್ನೇ ಕುಡ್ಕೊಂಡು ಓಡ್ಲಿಕ್ಕೆ ಶುರು ಮಾಡ್ತದೆ, ಕಾಲು ತೆಗೆದ್ರೂ ಆರ್‌ಪಿಎಂ ಏರ್ತಾ ಹೋಗ್ತದೆ, ಹಿಂದೆ ನೀಲಿ-ಬಿಳಿ ಹೊಗೆ, ಕೀ ತೆಗೆದ್ರೂ ನಿಲ್ಲುದಿಲ್ಲ, ಯಾಕಂದ್ರೆ ಕೀ ನಿಲ್ಸುದು ಡೀಸೆಲನ್ನ, ಆಯಿಲನ್ನ ಅಲ್ಲ. ಆಗ ಬಾನೆಟ್ ಎತ್ತಿ ನೋಡ್ಲಿಕ್ಕೆ ಹೋಗ್ಬೇಡಿ. ಗೇರಿನ ಗಾಡಿಯಾದ್ರೆ ಬ್ರೇಕ್ ಗಟ್ಟಿ ಒತ್ತಿ, ನಾಲ್ಕನೇ ಐದನೇ ಗೇರಿಗೆ ಹಾಕಿ, ಒಮ್ಮೆಗೇ ಕ್ಲಚ್ ಬಿಟ್ಟು ಬಂದ್ ಬೀಳಿಸ್ಬೇಕು. ಆಗ್ಲಿಲ್ವಾ, ಇಳಿದು ದೂರ ಓಡಿ, ಎಂಜಿನ್ ಹೋದ್ರೆ ಹೋಗ್ಲಿ. ಏರ್ ಪೈಪಿನ ಬಾಯಿಗೆ ಅಂಗೈ ಕೊಟ್ಟು ಮುಚ್ಚುವ ಹುಚ್ಚು ಸಾಹಸ ವಿಡಿಯೋದಲ್ಲಿ ಮಾತ್ರ ಚಂದ. ಏರ್ ಫಿಲ್ಟರಿನ ನಂತರದ ಪೈಪ್ ಬಿಚ್ಚಿದಾಗ ಒಳಗೆ ಆಯಿಲ್ ಹನಿ ಕಟ್ಟಿ ನಿಂತದ್ದು ಕಂಡ್ರೆ, ಟರ್ಬೋ ನೋಡ್ಸುದನ್ನ ಮುಂದೆ ಹಾಕ್ಬೇಡಿ.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ತೆಗೆದ ಹಳೆ ಆಯಿಲನ್ನ ನಮ್ಮವರು ಬೇಲಿಗೂಟಕ್ಕೆ ಬಳಿತಾರೆ, ಗೆದ್ದಲಿಗೆ ಅಂತ ಮರದ ಬುಡಕ್ಕೆ ಸುರಿತಾರೆ, ಉಳಿದದ್ದು ತೋಡಿಗೆ. ಅದು 2016ರ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ ಅಂತಲೇ ಉಂಟು. ಕೆಂಪುಕಲ್ಲಿನ ನೆಲ ನಮ್ದು, ಮೇಲೆ ಸುರಿದದ್ದು ಕೆಳಗೆ ಇಳಿಯುದೇ, ಅದರಡಿಯಿಂದ ಬಾವಿ ಮತ್ತೆ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿಯುವ ಮನೆಗಳು ಎಣ್ಮಕಜೆ ಬದಿಯಡ್ಕದಲ್ಲಿ ಎಷ್ಟಿಲ್ಲ? ಎಂಡೋಸಲ್ಫಾನ್ ಅನುಭವಿಸಿದ ಊರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಹರಿತ ಕರ್ಮ ಸೇನೆಯವರು ಮನೆಮನೆಗೆ ಬಂದು ಪ್ಲಾಸ್ಟಿಕ್ ತಕೊಂಡು ಹೋಗ್ತಾರೆ, ಆ ಹೆಂಗಸರ ಹೆಗಲಿಗೆ ಇದನ್ನೂ ಹೊರಿಸುದು ಬೇಡ. ಪಂಚಾಯತಿಗೊಂದು ಡ್ರಮ್ಮು, ಮೂರು ತಿಂಗಳಿಗೊಂದು ದಿನ, ಕ್ಯಾನಲ್ಲಿ ತಂದು ಕೊಟ್ಟವರಿಂದ ತಕೊಂಡು ಅಧಿಕೃತ ರೀಸೈಕ್ಲಿಂಗಿನವರಿಗೆ ಕೊಡುವ ವ್ಯವಸ್ಥೆ ಆದ್ರೆ ಸಾಕು. ನಮ್ಮ ಪಂಚಾಯತಿ ಮೆಂಬರುಗಳು ನಿಮ್ಮ ಪತ್ರಿಕೆಯನ್ನ ಬೆಳಗ್ಗೆ ಚಾ ಅಂಗಡಿಯಲ್ಲೇ ಓದ್ತಾರೆ, ನಾವು ಅರ್ಜಿ ಕೊಟ್ಟದ್ದಕ್ಕಿಂತ ನೀವು ಒಂದು ಕಾಲಂ ಬರೆದ್ರೆ ಬೇಗ ಕೆಲಸ ಆದೀತು ಅಂತ ಕಾಣ್ತದೆ.

ಇತಿ,
ನಿಮ್ಮ ಹಳೆ ಓದುಗ, ಬದಿಯಡ್ಕ